ಕನ್ನಡಿ ಹಂಚಿನ ಕೆಳಗೆ ಕಾಮಕಸ್ತೂರಿ

ನಮ್ಮ ಅಡಿಗೆಮನೆಯ ಪಕ್ಕದ ಕೋಣೆಯ ಮಾಡಿನಲ್ಲಿ ಒಂದು ಕನ್ನಡಿ ಹಂಚು ಇದೆ. ಮಣ್ಣಿನ ಹಂಚುಗಳ ನಡುವೆ ಬೆಳಕಿಗೆಂದು ಹೊದೆಸಿದ ಗಾಜಿನ ಹಂಚು. ಬೆಳಗ್ಗೆ ಒಂಬತ್ತರ ಹೊತ್ತಿಗೆ ಅದರ ಬೆಳಕು ಪಡುಬದಿಯ ಗೋಡೆಯ ಹತ್ತಿರ ನೆಲಕ್ಕೆ ಬೀಳುತ್ತದೆ. ಮಧ್ಯಾಹ್ನ ಕೋಣೆಯ ನಡುವಿಗೆ ಬರುತ್ತದೆ. ಮೂರು ಗಂಟೆಗೆ ಮೂಡುಬದಿಯ ಅಕ್ಕಿ ಡಬ್ಬದ ಬುಡ ಮುಟ್ಟುತ್ತದೆ. ಆ ಬೆಳಕಿನ ಚೌಕದ ಹಿಂದೆಯೇ ಒಂದು ಅಗಲದ ಅಡಿಕೆ ಹಾಳೆಯೂ ನೆಲದ ಮೇಲೆ ಸರಿಯುತ್ತಾ ಹೋಗುತ್ತದೆ. ಹಾಳೆಯ ಮೇಲೆ ಹನ್ನೆರಡು ತೆಂಗಿನ ಗೆರಟೆಗಳು, ಗೆರಟೆಗಳ ತುಂಬ ಸಾಸಿವೆ ಕಾಳಿನಷ್ಟು ಪುಟ್ಟ ಹಸಿರು ಎಲೆಗಳು. ಸೋಣ ತಿಂಗಳು ಬಂತೆಂದರೆ ನಮ್ಮ ಮನೆಯೊಳಗೆ ಈ ಮೆರವಣಿಗೆ ಇದ್ದದ್ದೇ. ಹಾಳೆ ಎಳೆಯುವ ಕೆಲಸ ಮೊಮ್ಮಗಳದ್ದು. ಶಾಲೆ ಇದ್ದ ದಿನ ನನ್ನದು.

ನಮ್ಮದು ಪೆರ್ಲದಿಂದ ಸ್ವಲ್ಪ ಒಳಗೆ, ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತು. ಮದ್ರಾಸು ಪ್ರಾಂತ್ಯದ ದಕ್ಷಿಣ ಕನ್ನಡಕ್ಕೆ ಸೇರಿದ್ದ ಈ ನೆಲ 1956ರ ನವೆಂಬರ್ 1ರಂದು ಕೇರಳಕ್ಕೆ ಹೋಯಿತು. ನನ್ನ ತವರು ಗಡಿಯಾಚೆ, ವಿಟ್ಲದ ಕಡೆ. 1988ರಲ್ಲಿ ಮದುವೆಯಾಗಿ ಇಲ್ಲಿಗೆ ಬಂದೆ. ಬಸ್ಸಿನಲ್ಲಿ ಒಂದು ಗಂಟೆಯೂ ಹಿಡಿಯದ ದಾರಿ. ಅದೇ ಅಡಿಕೆ, ಅದೇ ತೆಂಗು, ಅದೇ ಹವ್ಯಕ ಮಾತು. ರಾಜ್ಯ ಬದಲಾಯಿತೆಂದು ಗೊತ್ತಾಗುತ್ತಿದ್ದದ್ದು ಬಸ್ಸಿನ ಬೋರ್ಡು ನೋಡಿದಾಗ ಮಾತ್ರ.

ಮಳೆಗೆ ಹೆದರುವ ಬೀಜ

ತೋಟಗಾರಿಕೆಯ ಪುಸ್ತಕಗಳಲ್ಲಿ ಒಂದು ಮಾತು ಬರುತ್ತದೆ. ಸೊಪ್ಪು, ಪರಿಮಳದ ಗಿಡಗಳ ಬೀಜವನ್ನು ಮೊದಲು ಮನೆಯೊಳಗೆ ಮೊಳೆಸಿ, ಆಮೇಲೆ ಹೊರಗೆ ನೆಡಬೇಕು ಅಂತ. ಚಳಿದೇಶದವರ ಕ್ರಮ ಅದು. ಹಿಮ ಬಿದ್ದು ಸಸಿ ಸುಟ್ಟುಹೋಗುತ್ತದೆಂಬ ಹೆದರಿಕೆಗೆ ಅವರು ಹಾಗೆ ಮಾಡುತ್ತಾರೆ. ನಮಗೆ ಹಿಮ ಎಲ್ಲಿಯದು? ನಮಗಿರುವುದು ಮಳೆ. ವರ್ಷಕ್ಕೆ ಸುಮಾರು 3500 ಮಿಲ್ಲಿಮೀಟರ್ ಮಳೆ ಸುರಿಯುವ ಊರು ಇದು. ಅದರ ಹೆಚ್ಚಿನ ಪಾಲು ಜೂನಿನಿಂದ ಸೆಪ್ಟೆಂಬರ್ ಒಳಗೆ ಬರುತ್ತದೆ. ಆಟಿಯ ಒಂದು ಜಡಿಮಳೆ ಸಾಕು, ಅಂಗಳದಲ್ಲಿ ಬಿತ್ತಿದ ತುಳಸಿ ಬೀಜ ತೋಡಿಗೆ ಹೋಗಿ, ತೋಡಿನಿಂದ ಹೊಳೆಗೆ ಹೋಗಿ, ಹೊಳೆಯಿಂದ ಅರಬ್ಬೀ ಸಮುದ್ರ ಸೇರಲಿಕ್ಕೆ. ಹೋಗದೆ ಉಳಿದದ್ದು ಕೊಳೆಯುತ್ತದೆ.

ಹಾಗಂತ ಮಳೆ ಪೂರ್ತಿ ಬಿಡಲಿ ಎಂದು ಕಾದರೆ ದೀಪಾವಳಿ ಕಳೆಯುತ್ತದೆ. ಆಗ ಬಿತ್ತಿದ ಕೊತ್ತಂಬರಿಗೆ ತಂಪಿನ ದಿನಗಳು ಎರಡೇ ತಿಂಗಳು ಸಿಗುವುದು. ಫೆಬ್ರವರಿಯ ಬಿಸಿಲು ಏರಿದೊಡನೆ ಅದು ಸೊಪ್ಪು ಬಿಡುವುದು ಬಿಟ್ಟು ಹೂ ಬಿಡಲು ಹೊರಡುತ್ತದೆ. ಆದ್ದರಿಂದ ಹೊರಗೆ ಮಳೆ ಹೊಯ್ಯುತ್ತಿರುವಾಗಲೇ ಒಳಗೆ ಸಸಿ ತಯಾರಾಗಬೇಕು. ಒಂದೂವರೆ ತಿಂಗಳು ಗಳಿಸಿದ ಹಾಗೆ. ಇದು ನಮ್ಮ ಅತ್ತೆಯ ಲೆಕ್ಕ. ನಾನು ಮದುವೆಯಾಗಿ ಬಂದ ವರ್ಷ ತವರಿನ ರೂಢಿಯಂತೆ ಅಂಗಳದ ಕರೆಯಲ್ಲಿ ಬೀಜ ಉದುರಿಸಲು ಹೊರಟಾಗ ಅವರು ಹೇಳಿದ್ದು ಇಷ್ಟೆ: "ಮಳೆಗೆ ಬಿತ್ತು ಹಾಕ್ಲಾಗ ಕೂಸೇ, ಕೊಳಗು." ಮಳೆಗೆ ಬೀಜ ಹಾಕಬಾರದು, ಕೊಳೆತೀತು ಅಂತ.

ಅತ್ತೆಯ ಪ್ರಕಾರ ಸೊಪ್ಪಿನ ಗಿಡಗಳಲ್ಲಿ ಎರಡು ಜಾತಿ. ಒಂದು, ತುಂಡಿನಿಂದ ಬದುಕುವಂಥವು. ಸಾಂಬಾರಬಳ್ಳಿ, ಒಂದೆಲಗ, ಪುದೀನ, ಮಜ್ಜಿಗೆಹುಲ್ಲು, ಇವೆಲ್ಲ ಒಂದು ಗೆಲ್ಲೋ ಒಂದು ಬೇರೋ ಇದ್ದರೆ ಸಾಕು. ನೀವು ಮರೆತರೂ ಬಾವಿಕಟ್ಟೆಯ ಹತ್ತಿರ ಅವು ಬದುಕಿರುತ್ತವೆ. ನಮ್ಮಲ್ಲಿ ಸತ್ತರೂ ಆಚೆಮನೆಯಲ್ಲಿ ಇರುತ್ತವೆ. ಇನ್ನೊಂದು, ಬೀಜದಿಂದಲೇ ಬರಬೇಕಾದವು. ಕಾಮಕಸ್ತೂರಿ, ಕೊತ್ತಂಬರಿ, ಸಬ್ಬಸಿಗೆ. ಇವಕ್ಕೆ ಪ್ರತಿವರ್ಷವೂ ಹೊಸ ಜನ್ಮ. ತುಳಸಿ ಕೆಲವು ವರ್ಷ ನಿಂತೀತು, ಆದರೆ ನಮ್ಮ ಮಳೆಗೆ ಅದರ ಬುಡವೂ ಕೊಳೆಯುವುದುಂಟು. ಬೀಜದ ಗಿಡ ಯಾರಿಗೂ ಕಾಯುವುದಿಲ್ಲ. ಎರಡು ಮೂರು ವರ್ಷ ಬಿತ್ತದೆ ಬಿಟ್ಟರೆ ಮನೆಯಿಂದ ಹೋಯಿತು ಅಂತಲೇ ಲೆಕ್ಕ.

ಆ ಮಾತಿನ ಅರ್ಥ ನನಗೆ ಸರಿಯಾಗಿ ತಿಳಿಯಲು ಮೂವತ್ತೆರಡು ವರ್ಷ ಬೇಕಾಯಿತು.

ಬಾಟ್ಲಿಯಲ್ಲಿ ಸತ್ತ ಬೀಜ

2018ರ ಮಳೆಗಾಲದಲ್ಲಿ ಅತ್ತೆ ಬಚ್ಚಲಿನ ಹತ್ತಿರ ಜಾರಿ ಬಿದ್ದರು. ಸೊಂಟದ ಎಲುಬು ಮುರಿಯಿತು. ಆಸ್ಪತ್ರೆ, ಆಪರೇಷನ್, ಎಣ್ಣೆ, ಕಷಾಯ ಎಂದು ಓಡಾಡುವುದರಲ್ಲಿ ಆ ವರ್ಷದ ಸೋಣ ಬಂದದ್ದೂ ಹೋದದ್ದೂ ತಿಳಿಯಲಿಲ್ಲ. 2019ರಲ್ಲಿ ನೆನಪಾಗಿತ್ತು, ಆದರೆ ಉದಾಸೀನ ಮಾಡಿದೆ. ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಸಿಗುವಾಗ ಇದೊಂದು ರಗಳೆ ಯಾಕೆ ಅನ್ನಿಸಿತ್ತು. ಬೀಜ ಹೇಗೂ ಅಟ್ಟದ ಬಾಟ್ಲಿಯಲ್ಲಿ ಉಂಟಲ್ಲ ಎಂಬ ಧೈರ್ಯವೂ ಇತ್ತು.

2020ರ ಮಾರ್ಚ್ ಮೊದಲ ವಾರ, ಬಿಸಿಲು ಏರಿದಾಗ ಅತ್ತೆ ಮಲಗಿದಲ್ಲಿಂದಲೇ ಕಾಮಕಸ್ತೂರಿ ಬೀಜದ ಪಾನಕ ಕೇಳಿದರು. ನೀರಿಗೆ ಹಾಕಿದ ಐದೇ ನಿಮಿಷಕ್ಕೆ ಈ ಕಪ್ಪು ಬೀಜ ಸುತ್ತ ಬಿಳಿ ಲೋಳೆ ಕಟ್ಟಿ ಉಬ್ಬುತ್ತದೆ. ಬೆಲ್ಲ, ಲಿಂಬೆ ಸೇರಿಸಿದರೆ ದೇಹಕ್ಕೆ ತಂಪು ಎಂದು ನಮ್ಮಲ್ಲಿ ಕುಡಿಯುತ್ತಾರೆ. ಅಟ್ಟದಿಂದ ಬಾಟ್ಲಿ ಇಳಿಸಿದೆ. ಬೀಜ ಉಬ್ಬಿತು, ಪಾನಕವೂ ಆಯಿತು. ಉಳಿದ ಬೀಜದಲ್ಲಿ ಹತ್ತನ್ನು ಎಣಿಸಿ ಒದ್ದೆ ಬಟ್ಟೆಯ ಮೇಲೆ ಇಟ್ಟೆ. ಹತ್ತರಲ್ಲಿ ಏಳಾದರೂ ಮೊಳೆತರೆ ಒಳ್ಳೆ ಬೀಜ, ನಾಲ್ಕು ಮೊಳೆತರೆ ದಪ್ಪವಾಗಿ ಬಿತ್ತಬೇಕು ಎಂಬುದು ಅತ್ತೆ ಕಲಿಸಿದ ಪರೀಕ್ಷೆ. ಹತ್ತು ದಿನ ಕಾದೆ. ಒಂದೂ ಮೊಳೆಯಲಿಲ್ಲ. 2017ರ ಬೀಜ ಅದು. ಒಣ ಊರಿನಲ್ಲಾದರೆ ನಾಲ್ಕೈದು ವರ್ಷ ಬಾಳಬಹುದಾದ ಬೀಜ. ನಮ್ಮ ಎರಡು ಮಳೆಗಾಲದ ಥಂಡಿ ಮುಚ್ಚಳದ ಸಂದಿನಿಂದ ಒಳಗೆ ಹೋಗಿತ್ತು.

ವಿಟ್ಲದಲ್ಲಿದ್ದ ಅಕ್ಕನಿಗೆ ಫೋನು ಮಾಡಿದೆ. "ನನ್ನಲ್ಲಿ ಬೇಕಾದಷ್ಟು ಉಂಟು ಮಾರಾಯ್ತಿ, ಬಂದು ಕೊಂಡುಹೋಗು" ಅಂದಳು. ಹೋಗುವುದು ಹೇಗೆ? ಅಷ್ಟರಲ್ಲಿ ಕೊರೊನಾ ಬಂತು. ಮಾರ್ಚ್ ಕೊನೆಗೆ ಲಾಕ್‌ಡೌನ್. ಕರ್ನಾಟಕದ ಕಡೆಯಿಂದ ಗಡಿಯ ಅನೇಕ ರಸ್ತೆಗಳಿಗೆ ಮಣ್ಣು ಸುರಿದು ಮುಚ್ಚಿದರು. ಕಾಸರಗೋಡಿನ ರೋಗಿಗಳು ಮಂಗಳೂರಿನ ಆಸ್ಪತ್ರೆಗೆ ಹೋಗಲಾರದೆ ಒದ್ದಾಡಿದ್ದು, ವಿಷಯ ಹೈಕೋರ್ಟು, ಸುಪ್ರೀಂ ಕೋರ್ಟುಗಳವರೆಗೆ ಹೋದದ್ದು ಎಲ್ಲರಿಗೂ ಗೊತ್ತಿದ್ದದ್ದೇ. ಜನ ಜೀವಕ್ಕಾಗಿ ಪರದಾಡುತ್ತಿರುವಾಗ ನನ್ನ ಒಂದು ಚಮಚ ಬೀಜದ ಸುದ್ದಿ ಯಾರ ಹತ್ತಿರ ಹೇಳುವುದು? ಆದರೂ ಒಂದು ಮಾತು ನಿಜ. ಗಡಿ ಎಂದರೆ ಏನು ಅಂತ ಮೂವತ್ತೆರಡು ವರ್ಷಗಳಲ್ಲಿ ಮೊದಲ ಬಾರಿಗೆ ನನಗೆ ತಿಳಿದದ್ದು ಆಗ. ತವರು ಅಷ್ಟೇ ಹತ್ತಿರ ಇತ್ತು. ಆದರೆ ಹೋಗುವಂತಿರಲಿಲ್ಲ.

ಅತ್ತೆ ಮಾತ್ರ ದಿನಾ ಕೇಳುತ್ತಿದ್ದರು. "ಹುಟ್ಟಿತ್ತೋ?" ಮೊಳಕೆ ಬಂತೇ ಅಂತ. ಬೀಜ ಸತ್ತಿದೆಯೆಂದು ಹೇಳಲು ನನಗೆ ಬಾಯಿ ಬರಲಿಲ್ಲ. ಅವರು ಮದುವೆಯಾಗಿ ಬಂದ ವರ್ಷ ತಮ್ಮ ತವರಿನಿಂದ ಸೀರೆಯ ಸೆರಗಿನಲ್ಲಿ ಕಟ್ಟಿ ತಂದ ಬೀಜದ ಸಂತತಿ ಅದು.

ಕಸಕಸೆಯಲ್ಲ, ಕಸ್ಕಸ್

ಬೇಲಿಯಾಚೆ ಒಂದು ಮಾಪಿಳ್ಳೆ ಮನೆ. ಆ ಮನೆಯ ಹಿರಿಯ ಹೆಂಗಸನ್ನು ನಾವೆಲ್ಲ ಉಮ್ಮ ಎನ್ನುತ್ತೇವೆ. ಅವರ ಮನೆಮಾತು ಮಲಯಾಳ, ನಮ್ಮದು ಹವ್ಯಕ ಕನ್ನಡ, ಇಬ್ಬರೂ ಸೇರಿದರೆ ತುಳು. ಸಪ್ತಭಾಷೆಗಳ ನಾಡು ಎಂದು ಕಾಸರಗೋಡನ್ನು ಭಾಷಣಗಳಲ್ಲಿ ಹೊಗಳುವುದುಂಟು. ಬೇಲಿಯ ಹತ್ತಿರ ನಿಂತವರಿಗೆ ಅದು ಹೊಗಳಿಕೆಯಲ್ಲ, ದಿನದ ವ್ಯವಹಾರ.

ಏಪ್ರಿಲ್ ಮೊದಲಿಗೆ ಉಮ್ಮನನ್ನು ಕೇಳಿದ್ದೆ, ಕಾಮಕಸ್ತೂರಿ ಉಂಟಾ ಅಂತ. ಅವರಿಗೆ ಹೆಸರೇ ಗೊತ್ತಾಗಲಿಲ್ಲ. ಇಲ್ಲ ಎಂದರು. ಆ ವರ್ಷ ಅವರ ಉಪವಾಸ ತಿಂಗಳು ಏಪ್ರಿಲ್ ಕೊನೆಗೆ ಶುರುವಾಗಿತ್ತು. ಒಂದು ಸಂಜೆ ಹಲಸಿನ ಹಣ್ಣು ಕೊಡಲೆಂದು ಬೇಲಿಯ ಹತ್ತಿರ ಹೋದೆ. ಅವರ ಒಗೆಯುವ ಕಲ್ಲಿನ ಪಕ್ಕದಲ್ಲಿ ಮೊಣಕಾಲೆತ್ತರದ ಒಂದು ಪೊದೆ ಇತ್ತು. ಯಾರದೋ ಬಟ್ಟೆ ತಾಗಿ ಗೆಲ್ಲು ಅಲ್ಲಾಡಿತು. ಗಾಳಿಯಲ್ಲಿ ಬಂದ ವಾಸನೆ ನನಗೆ ಮೂವತ್ತು ವರ್ಷಗಳಿಂದ ಗೊತ್ತಿದ್ದದ್ದು.

"ಇದೇ ಅಲ್ಲವಾ ನಾನು ಕೇಳಿದ್ದು!" ಎಂದೆ.

"ಅದ್ ಕಸ್ಕಸಲ್ಲೇ?" ಎಂದರು ಉಮ್ಮ, ನಗುತ್ತಾ.

ಕನ್ನಡದಲ್ಲಿ ನಮಗೆ ಕಸಕಸೆ ಅಥವಾ ಗಸಗಸೆ ಎಂದರೆ ಪಾಯಸದ್ದು, ಬಿಳಿ ಕಾಳು, ಅಫೀಮಿನ ಗಿಡದ ಬೀಜ. ಮಲಬಾರಿನವರಿಗೆ ಕಸ್ಕಸ್ ಎಂದರೆ ಲಿಂಬೆ ಶರಬತ್ತಿನಲ್ಲಿ ತೇಲುವ ಈ ಕಪ್ಪು ಬೀಜ. ಉತ್ತರದ ಕಡೆಯವರು ಸಬ್ಜಾ ಎನ್ನುವುದೂ ಇದನ್ನೇ. ಉಪವಾಸ ಬಿಡುವಾಗಿನ ಶರಬತ್ತಿಗೆ ಅವರ ಮನೆಯಲ್ಲಿ ಪ್ರತಿವರ್ಷ ಇದು ಬೇಕು. ನಾನು ಕನ್ನಡದ ಹೆಸರು ಹಿಡಿದು ಕೇಳಿದೆ, ಅವರು ತಮ್ಮ ಹೆಸರು ಹಿಡಿದು ಇಲ್ಲವೆಂದರು. ಗಿಡ ಮಾತ್ರ ಬೇಲಿಯಿಂದ ನಾಲ್ಕು ಮಾರು ದೂರದಲ್ಲಿ ಹೂ ಬಿಟ್ಟು ನಿಂತಿತ್ತು.

ಆಮೇಲೆ ಅವರು ಹೇಳಿದ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಆ ಬೀಜ ಅಂಗಡಿಯದ್ದಲ್ಲವಂತೆ. ಅವರ ಹಿರಿಮಗಳ ಮದುವೆಯ ವರ್ಷ ನಮ್ಮ ಅತ್ತೆ ಒಂದು ಬೆಂಕಿಪೆಟ್ಟಿಗೆಯಲ್ಲಿ ಹಾಕಿ ಕೊಟ್ಟದ್ದಂತೆ. ಅಂಗಡಿಯ ಕಸ್ಕಸ್ಸನ್ನೂ ಬಿತ್ತಿ ನೋಡಿದ್ದರು, ಗಿಡಕ್ಕೆ ಈ ಪರಿಮಳ ಇರಲಿಲ್ಲವಂತೆ. ಅದೂ ಇರಬಹುದಾದ್ದೇ. ಈ ಒಂದೇ ಜಾತಿಯೊಳಗೆ ಲವಂಗದ ವಾಸನೆಯವು, ಲಿಂಬೆಯ ವಾಸನೆಯವು ಎಂದು ಹಲವು ಬಗೆಗಳುಂಟು. ಹತ್ತಿರ ಹತ್ತಿರ ಬೆಳೆದರೆ ಜೇನುನೊಣಗಳು ಪರಾಗ ಬೆರೆಸಿ ಮುಂದಿನ ಬೀಜದ ಗುಣ ಬದಲಿಸುತ್ತವೆ. ಒಂದು ಮನೆಯ ಪರಿಮಳ ಉಳಿಯಬೇಕಾದರೆ ಒಂದೇ ಬಗೆಯನ್ನು ಬೆಳೆಸಿ, ಅದರದೇ ಬೀಜ ತೆಗೆಯಬೇಕು. ಉಮ್ಮ ತಿಳಿದೋ ತಿಳಿಯದೆಯೋ ಅದನ್ನೇ ಮಾಡುತ್ತಾ ಬಂದಿದ್ದರು. ಒಣಗಿದ ನಾಲ್ಕು ತೆನೆ ಮುರಿದು ನನ್ನ ಕೈಗಿತ್ತರು.

ಅರ್ಧ ಬೀಜ ಹಾಳು ಮಾಡಿದ್ದು

ಇಷ್ಟಕ್ಕೆ ಕಥೆ ಮುಗಿಯಬೇಕಿತ್ತು. ನನ್ನ ಅವಸರ ಮುಗಿಯಲು ಬಿಡಲಿಲ್ಲ. ಪತ್ತನಾಜೆ ಕಳೆದ ವಾರವೇ ಬಂದ ಬೀಜದಲ್ಲಿ ಅರ್ಧವನ್ನು ಹಳೆ ಟ್ರೇಯೊಂದರಲ್ಲಿ ತೋಟದ ಮಣ್ಣು, ಸೆಗಣಿ ಗೊಬ್ಬರ ತುಂಬಿ ದಪ್ಪವಾಗಿ ಬಿತ್ತಿದೆ. ಟ್ರೇಯನ್ನು ಒಳಗೇ ಇಟ್ಟಿದ್ದೆ. ಆರನೇ ದಿನ ಹುಲ್ಲಿನ ಹಾಗೆ ಮೊಳೆತವು. ಅತ್ತೆಗೆ ತೋರಿಸಿದೆ. ಅವರು ನಕ್ಕರು. ಜೂನ್ ಎರಡನೇ ವಾರ ಮಳೆ ಹಿಡಿಯಿತು, ಕೋಣೆಯೊಳಗೂ ಥಂಡಿ. ಒಂದು ಬೆಳಗ್ಗೆ ನೋಡುತ್ತೇನೆ, ಟ್ರೇಯ ಒಂದು ಮೂಲೆಯ ಸಸಿಗಳು ಬುಡದಲ್ಲಿ ದಾರದಂತೆ ಸಪುರವಾಗಿ ಮಲಗಿಬಿಟ್ಟಿವೆ. ಮಾರನೆಯ ದಿನ ಅರ್ಧ ಟ್ರೇ. ಮೂರನೆಯ ದಿನ ಎಲ್ಲವೂ.

ಅತ್ತೆಯ ಮಂಚದ ಹತ್ತಿರ ಟ್ರೇ ಹಿಡಿದೆ. ಅವರು ಬೆರಳಿನಿಂದ ಮಣ್ಣು ಒತ್ತಿ ನೋಡಿ, "ನೀರು ಹೆಚ್ಚಾತು ಕೂಸೇ" ಎಂದರು. ಬೈಯಲಿಲ್ಲ. ಮಣ್ಣು ಸುಟ್ಟದ್ದೋ ಎಂದು ಕೇಳಿದರು. ಅಲ್ಲ ಎಂದೆ. ಅಷ್ಟು ಹೊತ್ತಿಗೆ ಅವರಿಗೆ ಎಲ್ಲ ಅರ್ಥವಾಗಿತ್ತು, ಹಳೆ ಬೀಜ ಸತ್ತದ್ದೂ ಸೇರಿ. ಉಳಿದ ಬೀಜ ಎಲ್ಲಿ ಉಂಟು, ಬೂದಿಯಲ್ಲಿ ಹಾಕಿಡು, ಸೋಣಕ್ಕೆ ನೋಡುವ ಎಂದರು.

ಸಸಿ ಬುಡದಲ್ಲಿ ಕೊಳೆತು ಬೀಳುವ ಈ ಕಾಯಿಲೆಗೆ ಮಣ್ಣಿನಲ್ಲಿರುವ ಪಿಥಿಯಂ ಮುಂತಾದ ಸೂಕ್ಷ್ಮಜೀವಿಗಳು ಕಾರಣ. ನಮ್ಮ ಅಡಿಕೆಗೆ ಕೊಳೆರೋಗ ತರುವುದರ ಹತ್ತಿರದ ಸಂಬಂಧಿಯೇ ಇದು. ಎರಡಕ್ಕೂ ನೀರು, ಥಂಡಿ, ಗಾಳಿಯಿಲ್ಲದ ಜಾಗ ಎಂದರೆ ಪ್ರೀತಿ. ಅಡಿಕೆಗೆ ಮೈಲುತುತ್ತು, ಸುಣ್ಣದ ಬೋರ್ಡೋ ದ್ರಾವಣ ಹೊಡೆಯುತ್ತೇವೆ. ಅಡಿಗೆಗೆ ಬಳಸುವ ಎಳೆ ಸೊಪ್ಪಿಗೆ ಅದು ಬೇಡ ಎಂಬವರಿಗೆ ಹಿರಿಯರ ಉಪಾಯವೊಂದಿದೆ, ಸುಡುಮಣ್ಣು.

ಅತ್ತೆ ಮಲಗಿಕೊಂಡು ಹೇಳಿಕೊಟ್ಟ ಕ್ರಮ

ಆ ವರ್ಷದ ಸೋಣದಲ್ಲಿ ಅವರು ಹೇಳಿದ್ದನ್ನು ನಾನು ಮಾಡಿದೆ. ಓದುಗರಿಗೆ ಉಪಯೋಗವಾದೀತೆಂದು ಕ್ರಮವಾಗಿ ಬರೆಯುತ್ತೇನೆ.

ಮಣ್ಣನ್ನು ಬೇಸಿಗೆಯಲ್ಲೇ ತಯಾರಿಸಬೇಕು. ತರಗೆಲೆ, ಸಣ್ಣ ಸೌದೆಯ ಮೇಲೆ ಮೇಲ್ಮಣ್ಣು ಹರಡಿ, ಮತ್ತೆ ತರಗೆಲೆ, ಮತ್ತೆ ಮಣ್ಣು ಎಂದು ಗುಡ್ಡೆ ಮಾಡಿ ಬೆಂಕಿ ಕೊಟ್ಟರೆ ಎರಡು ಮೂರು ದಿನ ಹೊಗೆಯಾಡುತ್ತಾ ಬೇಯುತ್ತದೆ. ಬಿಸಿಗೆ ಕೊಳೆಯ ಜೀವಿಗಳೂ ಕಳೆಯ ಬೀಜಗಳೂ ಸಾಯುತ್ತವೆ. ತಣಿದ ಮೇಲೆ ಗಾಳಿಸಿ ಒಣಗಿದಲ್ಲಿ ಇಡಬೇಕು. ಮಳೆ ಬಂದ ಮೇಲೆ ಒಣಮಣ್ಣು ಎಲ್ಲಿಂದ? ನಾನು ಆ ವರ್ಷ ಮಾಡಿರಲಿಲ್ಲ. ಕರಿಮೆಣಸಿನ ಬುಡಕ್ಕೆಂದು ಮಗ ಮಾಡಿಟ್ಟದ್ದರಲ್ಲಿ ಒಂದು ಬುಟ್ಟಿ ಕೇಳಿ ಪಡೆದೆ.

ಎರಡು ಪಾಲು ಸುಡುಮಣ್ಣಿಗೆ ಒಂದು ಪಾಲು ಚೆನ್ನಾಗಿ ಹಳತಾದ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಹುಡಿ. ನಾರಿನ ಹುಡಿಯನ್ನು ಮೊದಲು ಎರಡು ಮೂರು ಸಲ ನೀರಿನಲ್ಲಿ ತೊಳೆದು ಹಿಂಡಬೇಕು. ಅದರ ಒಗರು ಎಳೆ ಬೇರಿಗೆ ಆಗುವುದಿಲ್ಲ. ಹಸಿ ಸೆಗಣಿ ಖಂಡಿತ ಬೇಡ.

ಪಾತ್ರೆಗೆ ತೆಂಗಿನ ಗೆರಟೆ. ಮೂರು ಕಣ್ಣಿರುವ ಅರ್ಧವನ್ನೇ ತೆಗೆದುಕೊಂಡು ಮೆತ್ತಗಿನ ಕಣ್ಣನ್ನು ಮೊಳೆಯಿಂದ ಚುಚ್ಚಿದರೆ ನೀರು ಇಳಿಯುವ ದಾರಿ ಆಯಿತು. ತೆಂಗಿನ ಮೊಳಕೆ ಹೊರಗೆ ಬರುವುದೂ ಅದೇ ಕಣ್ಣಿನಿಂದ.

ಕಾಮಕಸ್ತೂರಿ, ತುಳಸಿಯ ಬೀಜಗಳನ್ನು ನೆನೆಹಾಕಬಾರದು. ಕಾಮಕಸ್ತೂರಿ ಲೋಳೆಯಾಗಿ ಕೈಗೆ ಅಂಟುತ್ತದೆ. ಒದ್ದೆ ಮಣ್ಣಿನ ಮೇಲೆ ಒಣ ಬೀಜ ಉದುರಿಸಿ ಅಂಗೈಯಿಂದ ಮೆಲ್ಲನೆ ಒತ್ತಿದರೆ ಸಾಕು, ಮೇಲೆ ಮಣ್ಣು ಮುಚ್ಚುವುದು ಬೇಡ. ಒಂದು ಗೆರಟೆಗೆ ಹತ್ತು ಹನ್ನೆರಡು ಬೀಜಕ್ಕಿಂತ ಹೆಚ್ಚು ಹಾಕಬಾರದು. ಕಾಮಕಸ್ತೂರಿ ಒಂದು ವಾರದಲ್ಲಿ ಮೊಳೆಯುತ್ತದೆ, ತುಳಸಿ ಎರಡು ವಾರ ತೆಗೆದುಕೊಳ್ಳುವುದೂ ಉಂಟು.

ಕೊತ್ತಂಬರಿಯ ಸ್ವಭಾವ ಬೇರೆ. ನಾವು ಒಂದು ಕಾಳು ಎನ್ನುವುದರಲ್ಲಿ ಎರಡು ಬೀಜ ಇರುತ್ತವೆ. ಚಪ್ಪಲಿಯ ಅಡಿಯಿಂದ ಮೆಲ್ಲನೆ ಉಜ್ಜಿ ಇಬ್ಭಾಗ ಮಾಡಿ, ಒಂದು ರಾತ್ರಿ ನೆನೆಸಿ, ಉಗುರಿನಷ್ಟು ಆಳಕ್ಕೆ ಹಾಕಬೇಕು. ಹತ್ತು ಹದಿನೈದು ದಿನ ಕಾಯುವ ತಾಳ್ಮೆ ಬೇಕು. ಅದರ ತಾಯಿಬೇರು ಉದ್ದ, ಕಿತ್ತು ನೆಟ್ಟರೆ ಮುನಿಸಿಕೊಳ್ಳುತ್ತದೆ. ಅದಕ್ಕಾಗಿ ಕೊತ್ತಂಬರಿಗೆ ಗೆರಟೆ ಬಿಟ್ಟು ಒಣ ಬಾಳೆಎಲೆಯ ದೊನ್ನೆ ಮಾಡುತ್ತೇವೆ. ನೆಡುವಾಗ ದೊನ್ನೆ ಸಮೇತ ಹುಗಿದರೆ ಅದು ಮಣ್ಣಿನಲ್ಲೇ ಕರಗುತ್ತದೆ.

ನೀರನ್ನು ಮೇಲಿನಿಂದ ಹೊಯ್ಯಬಾರದು. ಹರಿವಾಣದಲ್ಲಿ ಒಂದು ಅಂಗುಲ ನೀರು ನಿಲ್ಲಿಸಿ ಗೆರಟೆಗಳನ್ನು ಅರ್ಧ ಗಂಟೆ ಇಟ್ಟರೆ ಕಣ್ಣಿನ ದಾರಿಯಿಂದ ಬೇಕಾದಷ್ಟು ಕುಡಿಯುತ್ತವೆ. ಮೇಲ್ಮಣ್ಣು ಒಣಗಿ ಬಣ್ಣ ಬದಲಾಗುವವರೆಗೆ ಮತ್ತೆ ನೀರಿಲ್ಲ. ಇರುವೆ ಬೀಜ ಹೊತ್ತುಕೊಂಡು ಹೋಗದಂತೆ ಮೊದಲ ವಾರ ಕಣ್ಣಿಡಬೇಕು.

ಇನ್ನು ಬೆಳಕು. ಬೆಳಕು ಕಡಿಮೆಯಾದರೆ ಸಸಿ ಅದನ್ನು ಹುಡುಕುತ್ತಾ ಉದ್ದುದ್ದ ಬೆಳೆದು ಬೀಳುತ್ತದೆ. ಅದಕ್ಕೇ ಕನ್ನಡಿ ಹಂಚು, ಅದಕ್ಕೇ ಹಾಳೆಯ ಮೆರವಣಿಗೆ. ಬಾಸೆಲ್ ಮಿಷನ್‌ನವರು 1865ರಲ್ಲಿ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಹಾಕಿದ ಮೇಲೆ ಈ ಕರಾವಳಿಯ ಮನೆಗಳ ಮುಳಿಹುಲ್ಲಿನ ಮಾಡು ಒಂದೊಂದಾಗಿ ಕೆಂಪಾಯಿತು. ಹುಲ್ಲಿನ ಮಾಡಿಗೆ ಗಾಜು ಕೂರಿಸುವುದು ಹೇಗೆ? ಹಾಗಾಗಿ ನಮ್ಮ ಈ ಕ್ರಮ ಹಂಚಿನ ಕಾಲದ್ದೇ ಇರಬೇಕು. ಈಗ ಬಹಳ ಮನೆಗಳು ತಾರಸಿಯವು. ಅಂಥವರು ಮೂಡುಬದಿಯ ಕಿಟಕಿಯ ಹತ್ತಿರ ಇಡಬಹುದು. ಅದೂ ಸಾಲದಿದ್ದರೆ ಬಿಳಿ ಎಲ್‌ಇಡಿ ಟ್ಯೂಬನ್ನು ಸಸಿಯಿಂದ ಗೇಣು ದೂರದಲ್ಲಿ ತೂಗಿಸಿ ದಿನಕ್ಕೆ ಹದಿನಾಲ್ಕು ಗಂಟೆ ಉರಿಸಿದರೂ ಆಗುತ್ತದೆ.

ನಾಲ್ಕು ಎಲೆ ಬಂದ ಮೇಲೆ ಗೆರಟೆಗೆ ಮೂರೇ ಸಸಿ ಉಳಿಸಿ ಉಳಿದದ್ದನ್ನು ಚಿವುಟಬೇಕು. ಚಿವುಟಿದ್ದು ತಂಬುಳಿಗೆ ಆಗುತ್ತದೆ. ನವರಾತ್ರಿಯ ಹೊತ್ತಿಗೆ ಜಗಲಿಗೆ ತಂದು, ಮೊದಲ ದಿನ ಒಂದು ಗಂಟೆ ಬಿಸಿಲು, ಮರುದಿನ ಎರಡು ಗಂಟೆ ಎಂದು ಒಂದು ವಾರ ಅಭ್ಯಾಸ ಮಾಡಿಸಬೇಕು. ತುಲಾಮಾಸದ ಸಂಜೆಯ ಗುಡುಗುಮಳೆ ಕಡಿಮೆಯಾದ ಮೇಲೆ ನೆಲಕ್ಕೆ.

ಹೆಲಿಕಾಪ್ಟರಿನ ದಿನಗಳು

ಅತ್ತೆ ಸಸಿಗಳನ್ನು ಒಳಗಿಟ್ಟು ಸಾಕಲು ಮಳೆಯೊಂದೇ ಕಾರಣವಾಗಿರಲಿಲ್ಲ. ನಮ್ಮ ಈ ಪ್ರದೇಶದ ಗೇರು ತೋಟಗಳ ಮೇಲೆ 2000ದ ವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸುತ್ತಿದ್ದರು. ಗೇರು ಹೂ ಬಿಡುವ ಕಾಲ, ಸರಿಯಾಗಿ ನಮ್ಮ ಕೊತ್ತಂಬರಿ ಸೊಪ್ಪಿನ ಕಾಲ. ಬಾವಿ ಮುಚ್ಚಿಕೊಳ್ಳಿ ಎಂದು ಮುಂಚಿತವಾಗಿ ಹೇಳಿಹೋಗುತ್ತಿದ್ದರು. ನಾವು ತೆಂಗಿನ ಮಡಲು, ಹಳೆ ಚಾಪೆ ಹೊದೆಸುತ್ತಿದ್ದೆವು. ಅತ್ತೆ ಜಗಲಿಯ ಗೆರಟೆ, ದೊನ್ನೆಗಳನ್ನೆಲ್ಲ ಒಳಕ್ಕೆ ಸಾಗಿಸಿ ಬಾಗಿಲು ಹಾಕುತ್ತಿದ್ದರು. ಆ ವಾರ ಅಂಗಳದ ಒಂದೆಲಗ, ಸಾಂಬಾರಬಳ್ಳಿ ಯಾವುದನ್ನೂ ಕೊಯ್ಯಲು ಬಿಡುತ್ತಿರಲಿಲ್ಲ. ಆಗ ನನಗೆ ಅದು ಮುದುಕಿಯ ಮಡಿ ಹಾಗೆ ಕಾಣುತ್ತಿತ್ತು. ಎಣ್ಮಕಜೆಯ ಮಕ್ಕಳ ಸ್ಥಿತಿ ಲೋಕಕ್ಕೆ ಗೊತ್ತಾದ ಮೇಲೆ ಹಾಗೆ ಕಾಣುವುದು ನಿಂತಿತು. ದೇಶದಲ್ಲೆಲ್ಲ ಆ ವಿಷವನ್ನು ಸುಪ್ರೀಂ ಕೋರ್ಟು ತಡೆದದ್ದು 2011ರಲ್ಲಿ.

ಎರಡು ಹೆಸರಿನ ಬಾಟ್ಲಿ

2020ರ ಸೋಣದಲ್ಲಿ ಎಂಟು ಗೆರಟೆ ಬಿತ್ತಿದೆ. ಏಳರಲ್ಲಿ ಮೊಳೆತವು. ಒಂದು ಗೆರಟೆಯನ್ನು ಅತ್ತೆಯ ಕಿಟಕಿಯಲ್ಲಿಟ್ಟೆ. ಎಲೆ ಸ್ವಲ್ಪ ಬಲಿತ ಮೇಲೆ ಅವರು ಒಂದನ್ನು ಬೆರಳಲ್ಲಿ ತಿಕ್ಕಿ ಮೂಗಿಗೆ ಹಿಡಿದರು. "ಇದುವೇ" ಎಂದರು. ಬೇರೇನೂ ಹೇಳಲಿಲ್ಲ. ಮರುವರ್ಷ ಅವರು ತೀರಿಕೊಂಡರು.

ದಾರಿ ತೆರೆದ ಮೇಲೆ ವಿಟ್ಲದ ಅಕ್ಕನಿಗೂ ಒಂದು ಪೊಟ್ಟಣ ಕೊಟ್ಟೆ. ಅವಳದ್ದನ್ನು ನಾನು ತರಲಿಲ್ಲ, ಬೆರಕೆಯಾದೀತೆಂದು. ಒಂದೇ ಮನೆಯಲ್ಲಿ ಬೀಜ ಇಟ್ಟರೆ ಏನಾಗುತ್ತದೆಂದು ನೋಡಿಯಾಗಿದೆ. ಈಗ ಮೂರು ಮನೆಗಳಲ್ಲಿ ಉಂಟು, ಗಡಿಯ ಎರಡೂ ಬದಿಗೆ.

ನಮ್ಮ ಕಾಸರಗೋಡಿನವರೇ ಆದ ಸತ್ಯನಾರಾಯಣ ಬೇಳೇರಿಯವರು 650ಕ್ಕೂ ಹೆಚ್ಚು ಭತ್ತದ ತಳಿಗಳನ್ನು ಉಳಿಸಿದ್ದಕ್ಕೆ 2024ರಲ್ಲಿ ಪದ್ಮಶ್ರೀ ಬಂತು. ಗದ್ದೆ ಹೆಚ್ಚಿಲ್ಲದ ಅವರು ಚೀಲಗಳಲ್ಲಿ ಮಣ್ಣು ತುಂಬಿ ತಳಿಗಳನ್ನು ಬೆಳೆಸುತ್ತಾರೆ. ತಳಿ ಉಳಿಸುವುದಕ್ಕೆ ಎಕರೆಗಟ್ಟಲೆ ಜಾಗ ಬೇಡ, ತಪ್ಪದೆ ಬಿತ್ತುವ ಕೈ ಬೇಕು ಎಂಬುದಕ್ಕೆ ಅವರಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಅವರದ್ದು 650, ನಮ್ಮದು ಒಂದು. ಒಂದಾದರೂ ತಪ್ಪಬಾರದಲ್ಲ.

ಕಳೆದ ಮಾಘದಲ್ಲಿ ತೆನೆ ಕಂದು ಬಣ್ಣಕ್ಕೆ ತಿರುಗಿದಾಗ ಮೊಮ್ಮಗಳೂ ನಾನೂ ಕೊಯ್ದು, ನೆರಳಲ್ಲಿ ಒಣಗಿಸಿ, ಉಜ್ಜಿ ಗೇರಿದೆವು. ಬಾಟ್ಲಿಯ ತಳಕ್ಕೆ ಒಣ ಬೂದಿ, ಮೇಲೆ ಬಟ್ಟೆಯಲ್ಲಿ ಕಟ್ಟಿದ ಬೀಜ. ಮುಚ್ಚಳದ ಸುತ್ತ ಈ ಸಲ ಮೇಣ ಹಚ್ಚಿದೆ. ಹೆಸರು ಬರೆಯುವುದು ಅವಳ ಕೆಲಸ. ಶಾಲೆಯಲ್ಲಿ ಕನ್ನಡ, ಮಲಯಾಳ ಎರಡನ್ನೂ ಕಲಿಯುವವಳು. ಇಸವಿ ಬರೆದು, ಕನ್ನಡದಲ್ಲಿ ಕಾಮಕಸ್ತೂರಿ ಎಂದು ಬರೆದಳು. ಸ್ವಲ್ಪ ಯೋಚಿಸಿ ಅದರ ಕೆಳಗೆ ಮಲಯಾಳ ಅಕ್ಷರದಲ್ಲಿ ಕಸ್ಕಸ್ ಎಂದೂ ಬರೆದಳು.

"ಎರಡೂ ಯಾಕೆ?" ಎಂದೆ.

"ಯಾರಾದರೂ ಕೇಳಿದರೆ ಇಲ್ಲ ಅಂತ ಹೇಳಬಾರದಲ್ಲ ಅಜ್ಜಿ" ಎಂದಳು.

ಬಾಟ್ಲಿ ಅಟ್ಟಕ್ಕೆ ಹೋಗಿದೆ. ಸೋಣಕ್ಕೆ ಇಳಿಸಬೇಕು.